ಯೋಚನೆಯನ್ನು ಬಾಯಿಬಿಟ್ಟು ಹೇಳಿದ ಶಬಾನಾ ಅವರಿಗೆ

ಹೊಸ ಎಣಿಕೆ 141, ಗಾಳಿ ತಿಂಗಳ ಆರನೆಯ ದಿನ
(ನಿಮ್ಮ ಕ್ಯಾಲೆಂಡರಿನಲ್ಲಿ 2214)
ಕೊಪ್ಪಳ ಮೇಲ್ಪೇಟೆ

ಶಬಾನಾ ಅವರೆ,

ಇನ್ನೂ ಬಾರದ ತಾರೀಖಿನ ಕಾಗದ ನೋಡಿ ಗಾಬರಿಯಾದರೆ ಕ್ಷಮಿಸಿ. ನಾನು ಓದಿದ್ದು ಏಳನೆಯ ತರಗತಿಯವರೆಗೆ. ದಿನಚರಿ ಬಿಟ್ಟರೆ ಬೇರೇನೂ ಬರೆದವನಲ್ಲ. ವಿಚಿತ್ರವೆನಿಸುವ ಪದಗಳನ್ನು ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ನನ್ನ ಹೆಂಡತಿ ಮಂದಾಕಿನಿ ನಮ್ಮ ಊರಿನ ನೀರೊಡತಿಯಾಗಿದ್ದಳು. ಎಂದರೆ, ಒಂಬತ್ತು ಸಾವಿರ ಮನೆಗಳಿಗೆ ಸರದಿಯಂತೆ ನೀರು ಬಿಡುವ ಪ್ರೋಗ್ರಾಮನ್ನು ಬರೆದು ಕಾಯುವವಳು. ಅವಳು ತೀರಿಕೊಂಡು ಎಪ್ಪತ್ತೆರಡು ದಿನಗಳಾದವು. ಅವಳ ಜಾಗಕ್ಕೆ ಬರುವವರ ಸಂದರ್ಶನವನ್ನು ಅವಳ ಮನೆಯಲ್ಲೇ ನಡೆಸಿ, ಮನೆಯವರೇ ಆರಿಸಬೇಕೆಂಬುದು ನಮ್ಮಲ್ಲಿನ ಪದ್ಧತಿ. ಆಯ್ಕೆ ತಪ್ಪಿದರೆ ಊರಿಗೆ ಊರೇ ಬಾಯಾರುತ್ತದೆ. ನನಗೋ ಪ್ರೋಗ್ರಾಮಿನ ಒಂದು ಸಾಲೂ ಓದಲು ಬಾರದು.

ನಮ್ಮೆಲ್ಲರ ಕಿವಿಯಲ್ಲಿ ಜೊತೆದನಿ ಎಂಬ ಅಕ್ಕಿಕಾಳಿನಷ್ಟು ಯಂತ್ರವಿದೆ. ಏನನ್ನೇ ಆಗಲಿ ಮೊದಲು ಮನಸ್ಸಿನಲ್ಲೇ ಅದಕ್ಕೆ ಒಪ್ಪಿಸಿ, ಅದು ಸರಿ ಎಂದ ಮೇಲೆ ಬಾಯಿ ತೆರೆಯುತ್ತೇವೆ. ಮಕ್ಕಳ ಪಾಠವೂ ಹೀಗೆಯೇ, ಮದುವೆಯ ಮಾತುಕತೆಯೂ ಹೀಗೆಯೇ. ಅರೆಬೆಂದ ಯೋಚನೆಯನ್ನು ಆಡಿ ತೋರಿಸುವುದು ಅಂಗಿಯಿಲ್ಲದೆ ಬೀದಿಗಿಳಿದಷ್ಟು ಅಸಭ್ಯ. ಆದ್ದರಿಂದ ನಮ್ಮ ಸಂದರ್ಶನಗಳಲ್ಲಿ ತಪ್ಪು ಉತ್ತರವೇ ಬರುವುದಿಲ್ಲ. ಯಾರು ನಿಜವಾಗಿ ಬಲ್ಲವರು ಎಂಬುದೂ ತಿಳಿಯುವುದಿಲ್ಲ.

ಮಂದಾಕಿನಿಯ ಪೆಟ್ಟಿಗೆಯಲ್ಲಿ ಒಂದು ಹಳೆಯ ರೆಕಾರ್ಡಿಂಗ್ ಸಿಕ್ಕಿತು. ಅದರಲ್ಲಿ ನಿಮ್ಮ ದನಿ, ದಾವಣಗೆರೆಯ ಹಾಸ್ಟೆಲ್ ಕೋಣೆ. ಮರುದಿನ ನಿಮಗೆ ಸಾಫ್ಟ್‌ವೇರ್ ಕಂಪನಿಯ ಸಂದರ್ಶನ. ಗೆಳತಿ ತೇಜಸ್ವಿನಿ ಕಂಪನಿಯವರಂತೆ ಗತ್ತಿನಲ್ಲಿ ಪ್ರಶ್ನೆ ಕೇಳುತ್ತಾರೆ. ನೀವು ಸುಮ್ಮನಿರುತ್ತೀರಿ.

“ಏನೇ, ಮೌನವ್ರತನಾ? ತಲೇಲಿ ಓಡ್ತಿರೋದನ್ನ ಬಾಯ್ಬಿಟ್ಟು ಹೇಳೇ.”

“ಹೇಳಿದ್ರೆ ನಾನು ದಡ್ಡಿ ಅಂತ ಗೊತ್ತಾಗಲ್ವೇನೇ?”

“ನಂಗಂತೂ ಆಗ್ಲೇ ಗೊತ್ತು, ಅವ್ರಿಗೂ ಗೊತ್ತಾಗ್ಲಿ ಬಿಡು. ಶುರು ಮಾಡು.”

ನೀವು ನಗುತ್ತೀರಿ. ಆಮೇಲೆ ಹೆಸರುಗಳ ಪಟ್ಟಿಯೊಂದನ್ನು ಜೋಡಿಸುವ ಬಗೆಯನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತಾ ಹೋಗಿ ಥಟ್ಟನೆ ನಿಲ್ಲುತ್ತೀರಿ. “ತಾಳು ತಾಳು. ಪಟ್ಟೀನೇ ಖಾಲಿ ಇದ್ರೆ? ಅಯ್ಯೋ, ನನ್ ಪ್ರೋಗ್ರಾಮ್ ಪೂರ್ತಿ ಬಿದ್ದೋಗುತ್ತೆ ಕಣೇ!”

ಒಬ್ಬರಿಗೆ ತಮ್ಮ ತಪ್ಪು ತಮಗೇ ಕಾಣುವ ಗಳಿಗೆಯನ್ನು ನನ್ನ ಐವತ್ತೆಂಟು ವರ್ಷಗಳಲ್ಲಿ ಮೊದಲ ಸಲ ಕೇಳಿದೆ. ನಿಮ್ಮ ಕಾಲದಲ್ಲಿ ಎಷ್ಟೋ ಮಂದಿ ಹೀಗೆ ಅಪರಿಚಿತರೆದುರು ಕುಳಿತು ತಡವರಿಸುತ್ತಾ ಯೋಚಿಸುತ್ತಿದ್ದರಂತೆ. ಎಂಥ ಎದೆಗಾರಿಕೆ!

ನಿನ್ನೆ ಸಂದರ್ಶನಕ್ಕೆ ಮೂವರು ಬಂದರು. ಜೊತೆದನಿ ತೆಗೆದಿಟ್ಟು, ಮಂದಾಕಿನಿಯ ಪ್ರೋಗ್ರಾಮನ್ನು ನೋಡುತ್ತಾ ತೋಚಿದ್ದನ್ನೆಲ್ಲ ಹೇಳಿ ಎಂದೆ. ಮೊದಲಿಬ್ಬರು ನಾಚಿ, ಚೆನ್ನಾಗಿದೆ ಎಂದಷ್ಟೇ ಹೇಳಿ ತಲೆ ತಗ್ಗಿಸಿದರು. ಮೂರನೆಯವಳು ಕುಂಬಾರ ಓಣಿಯ ಇರಾವತಿ. ತೊದಲಿದಳು, ಹೇಳಿದ್ದನ್ನು ಹಿಂದೆ ತೆಗೆದುಕೊಂಡಳು, ಮತ್ತೆ ಹೇಳಿದಳು. ಕಡೆಗೆ, “ಅಲ್ರೀ, ಇಲ್ಲೆ ತಪ್ಪೈತಿ. ನೀರು ಬಿಡೋ ಎರಡೂ ಗೇಟು ಒಮ್ಮೆಗೇ ಕೆಟ್ರ ಏನ್ ಮಾಡ್ಬೇಕಂತ ಬರದೇ ಇಲ್ಲ” ಎಂದಳು. ಆಗ ತಾನು ಯಾರ ಮನೆಯಲ್ಲಿ ಕುಳಿತಿದ್ದೇನೆಂಬುದು ಅವಳಿಗೆ ನೆನಪಾಯಿತು. “ತಪ್ಪು ತಿಳೀಬ್ಯಾಡ್ರಿ ಕಾಕಾ, ಅಕ್ಕಾರು ದೊಡ್ಡೋರು” ಎಂದು ಎದ್ದು ನಿಂತಳು.

ಮಂದಾಕಿನಿ ಎಂದೂ ತಪ್ಪು ಮಾಡಿದವಳಲ್ಲ ಎಂದು ಊರೆಲ್ಲ ನನಗೆ ಸಮಾಧಾನ ಹೇಳುತ್ತಿತ್ತು. ಆ ಹೊಗಳಿಕೆಯಲ್ಲಿ ನನಗೆ ಅವಳು ಸಿಗುತ್ತಿರಲಿಲ್ಲ. ಈ ತಪ್ಪಿನಲ್ಲಿ ಸಿಕ್ಕಳು: ಮೇಜಿನ ಮೇಲೆ ಬಗ್ಗಿ, ಊಟಕ್ಕೆ ಕರೆದರೂ ಏಳದೆ, ಎರಡೂ ಒಟ್ಟಿಗೆ ಕೆಡುವುದುಂಟೇ ಎಂದುಕೊಂಡು ಮುಂದಿನ ಸಾಲಿಗೆ ಹೋದವಳು.

“ಕುಂದ್ರವ್ವಾ, ಮುಂದ ಹೇಳು” ಎಂದೆ. ಕೆಲಸ ಅವಳಿಗೇ ಕೊಟ್ಟೆ.

ಶಬಾನಾ ಅವರೆ, ನಿಮ್ಮ ಸಂದರ್ಶನ ಏನಾಯಿತೆಂದು ಎಲ್ಲೆಲ್ಲೋ ಹುಡುಕಿದೆ, ತಿಳಿಯಲಿಲ್ಲ. ಈ ಕಾಗದ ಅದಕ್ಕೆ ಮೊದಲೇ ಕೈಸೇರಿದರೆ, ಅವರು ಆರಿಸಲಿ, ಬಿಡಲಿ, ನಿಮಗೆ ತೋಚಿದ್ದನ್ನು ತೋಚಿದಂತೆಯೇ ಅವರೆದುರು ಹೇಳಿ. ನನ್ನದು ಇದೊಂದೇ ಕೋರಿಕೆ.

ಇರಾವತಿ ಈಗ ಪಕ್ಕದ ಕೋಣೆಯಲ್ಲಿ ಆ ತಪ್ಪನ್ನು ತಿದ್ದುತ್ತಿದ್ದಾಳೆ. ಒಂದೊಂದು ಸಾಲಿಗೂ ಬಾಯಿಬಿಟ್ಟೇ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಾಳೆ. ಅಸಭ್ಯವೆಂದು ನೆರೆಮನೆಯವರು ಕಿಟಕಿ ಹಾಕಿಕೊಂಡರು. ನಾನು ಬಾಗಿಲು ತೆರೆದಿಟ್ಟು ಕುಳಿತಿದ್ದೇನೆ.

ನಮಸ್ಕಾರಗಳು,
ಚೆನ್ನವೀರ