ಎದ್ದು ನಿಂತ ತಪ್ಪಿಗೆ

ಭಾನುವಾರ, ಮಾರ್ಚ್ ೧೬

ಪ್ರೀತಿಯ ಅಕ್ಕಾ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ ಅಂತ ಮುನಿಸಿಕೊಂಡಿರ್ತೀಯ. ಬೈಯೋದಾದರೆ ಬೈ, ಪೂರ್ತಿ ಓದಿದ ಮೇಲೆ ಬೈ. ಭಾವನ ಮಂಡಿನೋವು ಹೇಗಿದೆ? ನನಗಂತೂ ಕೋರ್ಟಿನಲ್ಲಿ ನಿಂತೂ ನಿಂತೂ ಕಾಲು ಮರಗಟ್ಟಿದೆ.

ನಾನು ವಾದಿಸ್ತಿದ್ದ ಆ ಮೀಸಲಾತಿ ಕೇಸು ಮುಗೀತು. ವಿಶ್ವವಿದ್ಯಾಲಯದಲ್ಲಿ ನಮ್ಮಂಥವರಿಗೆ ಅಂತ ಇಟ್ಟಿರೋ ಸೀಟು ತೆಗೆದುಹಾಕಿ ಅಂತ ಹೂಡಿದ್ದರಲ್ಲ, ಅದು. ಸೀಟು ಉಳೀತು. ಗೆದ್ದವಳ ಮುಖ ನೋಡಿದರೆ ಸೋತವರೇ ವಾಸಿ ಅಂತೀಯ, ಹಾಗಿದ್ದೀನಿ.

ಅರ್ಜಿ ಹಾಕಿದ ಹುಡುಗಿ ವರಾಂಡದಲ್ಲಿ ಅಳ್ತಾ ಕೂತಿದ್ದಳು. ಒಂದೇ ಅಂಕಕ್ಕೆ ಸೀಟು ತಪ್ಪಿತ್ತಂತೆ. ಅವಳ ಕಣ್ಣೀರೂ ಸುಳ್ಳಲ್ಲ ಅಕ್ಕ.

ಅವಳ ಕಡೆಯ ವಕೀಲರು ಎಷ್ಟೋ ವರ್ಷದಿಂದ ನನ್ನ ಜೊತೆ ಕ್ಯಾಂಟೀನಿನಲ್ಲಿ ಚಹಾ ಕುಡಿದವರು. ಕೊನೆಯ ದಿನ ಅವರು, "ಕಡಿಮೆ ಅಂಕದವರನ್ನ ಇಷ್ಟು ವರ್ಷ ಒಳಗೆ ಬಿಟ್ಟದ್ದಕ್ಕೆ ಏನು ಸಿಕ್ಕಿತು? ಉದ್ಧಾರವಾದ ಒಬ್ಬರನ್ನಾದರೂ ತೋರಿಸಲಿ" ಅಂದರು. ನನ್ನ ಫೈಲಿನಲ್ಲಿ ಅಂಕಿಅಂಶ ರಾಶಿ ಬಿದ್ದಿತ್ತು. ಅದನ್ನೆಲ್ಲ ಬಿಟ್ಟು ಎದ್ದು ನಿಂತು, "ಸ್ವಾಮಿ, ನಾನೇ ಇದ್ದೀನಿ. ಅದೇ ಸೀಟಿನಲ್ಲಿ ಓದಿ ಬಂದವಳು" ಅಂದುಬಿಟ್ಟೆ.

ಅವರು ಪಾಪ ಗಾಬರಿಯಾಗಿ, "ಮೇಡಂ, ನಿಮ್ಮನ್ನ ಅಂದದ್ದಲ್ಲ" ಅಂದರು.

"ಮತ್ತೆ ಯಾರನ್ನ ಸಾರ್?"

ಅವರು ಕೂತು ತಮ್ಮ ಫೈಲು ಕಟ್ಟೋಕೆ ಶುರು ಮಾಡಿದರು.

ಮರುದಿನ ಪೇಪರಿನಲ್ಲಿ ಫೋಟೊ ಸಮೇತ ಬಂತು. ನೀನು ಪಕ್ಕದ ಮನೆಯವರಿಗೆಲ್ಲ ತೋರಿಸಿದೆ ಅಂತ ಬರೆದಿದ್ದೆ, ನಗು ಬಂತು. ಇಲ್ಲಿ ಮಾತ್ರ ಎಲ್ಲರೂ ಇದ್ದಕ್ಕಿದ್ದ ಹಾಗೆ ಅತಿ ಮರ್ಯಾದೆ ಕೊಡ್ತಾರೆ. ತಮಾಷೆ ನಿಂತುಹೋಗಿದೆ. ನಾನು ಬಂದರೆ ಮಾತು ತಿರುಗಿಸ್ತಾರೆ. ಸೋತ ಕಡೆಯವರು ಮೇಲಿನ ಕೋರ್ಟಿಗೆ ಹೋಗ್ತಾರಂತೆ. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಸಾಕಾಗಿದೆ ಕಣೇ. ರಜೆ ಸಿಕ್ಕರೆ ಬರ್ತೀನಿ. ಎರಡು ದಿನ ಯಾರೂ ಏನೂ ಕೇಳದ ಹಾಗೆ ಮಲಗಿಸು.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನದು ನನ್ನ ತಲೆ ಮೇಲಿರಲಿ.

ಇಂತಿ,
ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ನನ್ನ ಮಗಳ ವಿಷಯ ನೀನು ಕೇಳಿದ್ದೆ. ಅವಳು ಕಾಲೇಜಿಗೆ ಸೇರಿದ್ದು ಸಾಮಾನ್ಯ ಸೀಟಿನಲ್ಲೇ, ಅದು ನಿನಗೆ ಗೊತ್ತು. ಫೋಟೊ ನೋಡಿ ಹಾಸ್ಟೆಲಿನ ಹುಡುಗಿಯರು, "ಓಹೋ, ನೀನೂ ಹಾಗೇ ಬಂದವಳಾ?" ಅಂದರಂತೆ. ಫೋನ್ ಮಾಡಿ, "ನಿನ್ನ ಕೇಸು ಗೆಲ್ಲೋಕೆ ನನ್ನ ಯಾಕಮ್ಮ ಬೀದಿಗೆ ಎಳೆದೆ?" ಅಂದಳು. ಸಮಾಧಾನ ಹೇಳೋಕೆ ಹೋದೆ, ಇಟ್ಟುಬಿಟ್ಟಳು. ಆಮೇಲೆ ನನ್ನ ಫೋನ್ ಎತ್ತಿಲ್ಲ. ನೀನು ಮಾಡಿದರೆ ಎತ್ತುತ್ತಾಳೆ. ನಾನು ಹೇಳಿದೆ ಅನ್ನಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದಾಳಾ ಅಂತ ಕೇಳಿ, ಅಷ್ಟು ತಿಳಿಸು.