ಗಾರ್ಡಿಯನ್ ಎಂಬಲ್ಲಿ ಬರೆದ ಹೆಸರು

ಬೊಕ್ಕಪಟ್ಣ, ಮಂಗಳೂರು
ತಾ. 14-6-1938, ಮಂಗಳವಾರ

ಬೊಂಬಾಯಿಯಲ್ಲಿರುವ ನನ್ನ ತಮ್ಮ ತುಕ್ರನಿಗೆ ಅಕ್ಕನ ಆಶೀರ್ವಾದ. ಕಟೀಲಿನ ಅಮ್ಮ ನಿನ್ನನ್ನೂ ನಿನ್ನ ಹೆಂಡತಿ ಮಕ್ಕಳನ್ನೂ ಕಾಯಲಿ.

ಎರಡು ವರ್ಷದ ಮೇಲೆ ನನ್ನ ಅಕ್ಷರ ಕಂಡು, ಯಾರೋ ಸತ್ತರು ಎಂದು ಹೆದರಬೇಡ. ಎಲ್ಲರೂ ಇದ್ದೇವೆ. ಇವರಿಗೆ ಮೊಣಕಾಲು ನೋವು, ಅದು ಮೊದಲೂ ಇತ್ತು.

ವಿಷಯ ವಾಸುವಿನದ್ದು. ಇಂಟರ್‌ಮೀಡಿಯೆಟ್ ಪಾಸಾಗಿ ಮದರಾಸಿನ ಇಂಜಿನಿಯರಿಂಗ್ ಕಾಲೇಜಿಗೆ ಅರ್ಜಿ ಹಾಕಿದ್ದಾನೆ. ಈ ತಿಂಗಳ 24ಕ್ಕೆ ಅಲ್ಲಿ ಇಂಟರ್‌ವ್ಯೂ. ಕರೆಯುವ ಕಾಗದ ಅವನ ಜೊತೆಯ ಇಬ್ಬರಿಗೆ ಹೋದ ವಾರವೇ ಬಂತು, ಇವನಿಗೆ ಬರಲಿಲ್ಲ. ಹುಡುಗ ದಿನಕ್ಕೆರಡು ಸಲ ಪೋಸ್ಟಾಫೀಸಿಗೆ ಹೋಗಿ ಮಳೆಯಲ್ಲಿ ನೆನೆದು ಬರುತ್ತಾನೆ. ಅನ್ನದ ಮುಂದೆ ಕೂತರೆ ಬೆರಳಿನಿಂದ ಗೆರೆ ಎಳೆಯುತ್ತಾನೆಯೇ ಹೊರತು ತಿನ್ನುವುದಿಲ್ಲ.

ಫಳ್ನೀರಿನ ಆಂಬ್ರೋಸ್ ಮಾಸ್ಟ್ರು ಅವನಿಗೆ ಕಾಲೇಜಿನಲ್ಲಿ ಗಣಿತ ಕಲಿಸಿದವರು. ಶುಕ್ರವಾರ ಅವರ ಮನೆಗೆ ಮೀನು ಕೊಡುವವಳು ನಾನೇ. ಈಗ ಮಳೆಗಾಲಕ್ಕೆ ಕಡಲು ಮುಚ್ಚಿದೆ, ಹೊಳೆಮೀನು ಸ್ವಲ್ಪ ಹೊತ್ತುಕೊಂಡು ಹೋಗಿದ್ದೆ. ಬುಟ್ಟಿ ಇಳಿಸುವ ಮೊದಲೇ ಕೇಳಿದೆ, ಮಾಸ್ಟ್ರೇ, ನನ್ನ ಮಗನಿಗೆ ಸಿಗುತ್ತದಾ ಇಲ್ಲವಾ, ಸುಳ್ಳು ಹೇಳಬೇಡಿ ಎಂದು. ಅವರು ಅಡುಗೆಮನೆಯ ಮೆಟ್ಟಿಲ ಮೇಲೆ ನನ್ನ ಎದುರಿಗೇ ಕೂತು ಲೆಕ್ಕ ಹಾಕಿದರು. ಗಣಿತದಲ್ಲಿ ಎಂಬತ್ತನಾಲ್ಕು, ಅದು ಒಳ್ಳೆಯದು. ಭೌತಶಾಸ್ತ್ರ ಎಪ್ಪತ್ತೊಂದು, ನಡೆಯುತ್ತದೆ. ರಸಾಯನಶಾಸ್ತ್ರ ಐವತ್ತೆರಡು, ಅದೇ ಮುಳ್ಳು. ಇಡೀ ಪ್ರಾಂತ್ಯದ ಹುಡುಗರು ಬರುವ ಜಾಗವಂತೆ. ಹೋದ ವರ್ಷ ಇವನಿಗಿಂತ ಹೆಚ್ಚು ಮಾರ್ಕಿನ ಇಬ್ಬರು ಇದೇ ಊರಿನಿಂದ ಹೋಗಿ ಹಾಗೆಯೇ ವಾಪಸು ಬಂದರಂತೆ. ಆದರೆ ಇಂಟರ್‌ವ್ಯೂನಲ್ಲಿ ಇಂಜಿನಿನ ವಿಷಯ ಕೇಳುತ್ತಾರೆ, ಕೈಯಲ್ಲಿ ಮುಟ್ಟಿ ಗೊತ್ತಿದ್ದವನು ಅಲ್ಲಿ ಮೇಲೆ ಬರಬಹುದು ಎಂದರು. ಕಡೆಗೆ ಹೇಳಿದ್ದು, ಸಿಗುವುದು ರೂಪಾಯಿಯ ಹದಿನಾರಾಣೆಯಲ್ಲಿ ಆರಾಣೆಯಷ್ಟು.

ಮನೆಗೆ ಬಂದು ವಾಸುವಿಗೆ ಹನ್ನೆರಡಾಣೆ ಎಂದೆ. ದೇವರ ದೀಪದ ಮುಂದೆ ನಿಂತೇ ಹೇಳಿದೆ. ನನಗೆ ಆ ಪಾಪ ಇರಲಿ.

ಕಾಗದ ಬರಲಿಲ್ಲ ಎಂದದ್ದಕ್ಕೆ ಮಾಸ್ಟ್ರು ಅರ್ಜಿಯ ನಕಲು ತರಿಸಿ ನೋಡಿದರು. ಅದರಲ್ಲಿ ಗಾರ್ಡಿಯನ್ ಎಂದು ಒಂದು ಸಾಲು ಉಂಟು, ಹುಡುಗನ ಹಿಂದೆ ನಿಂತ ಹಿರಿಯ ಯಾರು, ಎಲ್ಲಿಯವನು ಎಂದು. ಅಲ್ಲಿ ನಿನ್ನ ಹೆಸರು, ನಿನ್ನ ಬೊಂಬಾಯಿಯ ವಿಳಾಸ. ಎಲ್ಲ ಕಾಗದವೂ ಆ ವಿಳಾಸಕ್ಕೇ ಹೋಗುವುದಂತೆ.

"ಮನೆ ಬೊಕ್ಕಪಟ್ಣದಲ್ಲಿ, ಗಾರ್ಡಿಯನ್ ಬೊಂಬಾಯಿಯಲ್ಲಿ. ಎಂತ ಮಾಡಿಟ್ಟೆ ಅಪ್ಪೀ? ಹುಡುಗನ ಅಪ್ಪ ಇಲ್ಲೇ ಇದ್ದಾನಲ್ಲ ಮಾರಾಯ್ತಿ?"

ನಮ್ಮಲ್ಲಿ ಮಕ್ಕಳಿಗೆ ಸೋದರಮಾವನೇ ಹಿರಿಯ, ಅಪ್ಪನಲ್ಲ ಎಂದೆ. ಅವರು ತಲೆ ಮೇಲೆ ಕೈಯಿಟ್ಟುಕೊಂಡರು. ವಾಸು ಅರ್ಜಿ ಬರೆಯುವಾಗ ಇಲ್ಲಿ ಯಾರ ಹೆಸರು ಎಂದು ಕೇಳಿದ್ದ. ಹುಟ್ಟಿದಾಗಿನಿಂದ ಕಂಡ ಪದ್ಧತಿ, ನಿನ್ನ ಹೆಸರು ಬಾಯಿತಪ್ಪಿ ಬಂತು.

ಮಾಸ್ಟ್ರು ಅವತ್ತೇ ನಿನಗೆ ತಂತಿ ಕೊಟ್ಟರು. ನಾಲ್ಕು ದಿನ ಆಯಿತು, ಉತ್ತರ ಇಲ್ಲ. ವಿಳಾಸ ಬದಲಾಯಿತೋ ಎಂದು ನಿನ್ನ ಭಾವ ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ನಿನ್ನ ಸಿಟ್ಟು ನನಗೆ ಗೊತ್ತುಂಟು, ಎತ್ತಿ ಆಡಿಸಿದವಳು ನಾನು.

ಎರಡು ವರ್ಷದ ಹಿಂದೆ, ಅಮ್ಮ ಸತ್ತು ಬೊಜ್ಜದ ಊಟ ಹಾಕಿದ ದಿನ ನೀನು ಕೆಟ್ಟದ್ದು ಹೇಳಿರಲಿಲ್ಲ. "ನಮ್ಮ ಹುಡುಗರಿಗೆ ಕಾಲೇಜು ಯಾಕಕ್ಕ? ನನ್ನ ಜೊತೆ ಕಳಿಸು, ಡಾಕಿನ ಹಡಗು ವರ್ಕ್‌ಶಾಪಿನಲ್ಲಿ ಕೆಲಸ ಕಲಿಯಲಿ" ಎಂದಿದ್ದೆ. ನಾನು ಕುಟುಂಬದವರೆಲ್ಲ ಎಲೆಯ ಮುಂದೆ ಕೂತಿರುವಾಗ ನಿನಗೆ ಹೇಳಿದೆ, "ನನ್ನ ಮಗನ ಮೇಲೆ ನಿನಗೆಂತ ಅಧಿಕಾರ ಉಂಟು?" ಮಾವನಿಗೆ ಆಡಬಾರದ ಮಾತು ಅದೊಂದೇ. ನೀನು ಕೈ ತೊಳೆದು ಎದ್ದು ಹೋದೆ. ಆ ಎಲೆಯನ್ನು ತೆಗೆದವಳು ನಾನೇ.

ಮೊನ್ನೆ ಶನಿವಾರ ಭಜನೆಗೆ ಹೋಗಿದ್ದೆ. ದೇವರು ಮೈಮೇಲೆ ಬಂದು ನುಡಿ ಕೊಡುವ ದರ್ಶನದ ಪಾತ್ರಿಯಲ್ಲಿ ಕೇಳು ಎಂದು ನೆರೆಮನೆಯ ರಾಜೀವಿಯಕ್ಕ ದೂಡಿದಳು. ಕೇಳಲಿಲ್ಲ. ಇಲ್ಲ ಎಂದು ಬಂದರೆ ಆಮೇಲೆ ನಾನು ಯಾರ ಬಳಿ ಹೋಗಲಿ?

ಈಗ ಹಡಗು ಇಲ್ಲ. ಈ ಪತ್ರ ರೈಲಿನಲ್ಲಿ ಸುತ್ತಿ ನಿನಗೆ ಶನಿವಾರ ಸಿಕ್ಕಿದರೆ, ಆ ಕಾಗದ ಇಲ್ಲಿಗೆ ಬರುವಷ್ಟು ದಿನ ಉಳಿಯುವುದಿಲ್ಲ. ನೇರ ಮದರಾಸಿಗೇ ಹಾಕು. ಮಾಸ್ಟ್ರ ಭಾವ ಪೌಲ್ ಎಂಬವರ ಮನೆ ವಿಳಾಸ ಇದರ ಹಿಂದೆ ವಾಸುವಿನ ಕೈಯಲ್ಲೇ ಬರೆಸಿದ್ದೇನೆ. ಇವನು 21ಕ್ಕೆ ಮೇಲ್ ಗಾಡಿ ಹತ್ತುತ್ತಾನೆ. ಕಾಗದ ಕೈಯಲ್ಲಿ ಇಲ್ಲದಿದ್ದರೆ ಬಾಗಿಲಿನ ಜವಾನನೇ ಒಳಗೆ ಬಿಡುವುದಿಲ್ಲ ಎಂದು ಗೊತ್ತಿದ್ದೂ ಹತ್ತುತ್ತಾನೆ. ಮಾವ ಕಳಿಸುತ್ತಾರೆ ಎನ್ನುತ್ತಾನೆ. ಅವನಿಗೆ ಇಂಜಿನು ಎಂದರೆ ಏನೆಂದು ಗೊತ್ತಿರುವುದು ಒಂಬತ್ತು ವರ್ಷದವನಾಗಿದ್ದಾಗ ನೀನು ಬಂದರಿನ ಧಕ್ಕೆಯಲ್ಲಿ ಲಾಂಚಿಯ ಇಂಜಿನು ಬಿಚ್ಚಿ, ಒಂದೊಂದೇ ತುಂಡು ಕೈಗೆ ಕೊಟ್ಟು ತೋರಿಸಿದ್ದರಿಂದ. ಇಂಟರ್‌ವ್ಯೂನಲ್ಲಿ ಹೇಳುವುದೂ ಅದನ್ನೇ ಅಂತೆ.

ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ, ತಮ್ಮ. ಮುಂದಿನ ಸಲ ಬಂದಾಗ ಎಷ್ಟು ಬೇಕಾದರೂ ಬೈ. ಕಾಗದ ಮಾತ್ರ ಕಳಿಸು.

ನಿನ್ನ ಅಕ್ಕ,
ಅಪ್ಪಿ

ಮತ್ತೆ ಬರೆಯುವುದು: ಬಾಯಿತಪ್ಪಿ ಬಂತು ಎಂದು ಮೇಲೆ ಬರೆದದ್ದು ಸುಳ್ಳು. ಲಕೋಟೆ ಅಂಟಿಸಲು ಕೈ ಬರುವುದಿಲ್ಲ, ಹಾಗಾಗಿ ಹೇಳುತ್ತೇನೆ. ವಾಸು ಆ ಸಾಲಿನಲ್ಲಿ ಮೊದಲು ಅಪ್ಪನ ಹೆಸರನ್ನೇ ಬರೆದಿದ್ದ. ಹೊಡೆದು ಹಾಕಿಸಿ ನಿನ್ನದನ್ನು ಬರೆಸಿದವಳು ನಾನು. ಕಾಗದ ಆ ವಿಳಾಸಕ್ಕೇ ಹೋಗುವುದು ಎಂದು ಹುಡುಗ ಆಗಲೇ ಹೇಳಿದ್ದ. ಸೀಟು ಸಿಕ್ಕಿತು ಎಂಬ ಕಾಗದ ಮೊದಲು ನಿನ್ನ ಕೈಗೆ ಬರಲಿ, ನೀನೇ ನಮಗೆ ತಿಳಿಸುವ ಹಾಗಾಗಲಿ, ತಪ್ಪಾಯಿತು ಎಂದು ನಾನು ಬರೆಯುವುದು ತಪ್ಪಲಿ ಎಂದುಕೊಂಡೆ. ಅದಕ್ಕೂ ಮೊದಲು ಇಂಟರ್‌ವ್ಯೂಗೆ ಕರೆಯುವ ಇನ್ನೊಂದು ಕಾಗದ ಬರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಅವನಿಗಿದ್ದದ್ದೇ ಆರಾಣೆ. ಅದನ್ನೂ ನನ್ನ ಹಟಕ್ಕೆ ಒಡ್ಡಿದೆ. ತಪ್ಪಾಯಿತು, ತುಕ್ರ.