ನೀರಿನ ಪೈಪು ಸಿಗದ ಗಂಟು

೧೪ ನವೆಂಬರ್ ೨೦೧೮, ಬುಧವಾರ. ಬಿಡದಿ

ನನ್ನ ಹೆಂಡತಿ ಹೊಂಬಾಳಮ್ಮನ ಕುತ್ತಿಗೆಯ ಥೈರಾಯ್ಡ್ ಗಂಟು ಕ್ಯಾನ್ಸರೇ ಅಂತೆ. ಮೆಣಸಿನಕಾಳಿನಷ್ಟು. ಇವತ್ತೇ ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡು ಬರೋಣವೆಂದು ಅವಳನ್ನು ಹೊರಡಿಸಿದವನು ನಾನು. ಡಾಕ್ಟರು ನೋಡಿದರೆ, ಕಾದು ನೋಡುವುದೂ ಒಂದು ದಾರಿ ಎಂದರು.

ಗಂಟು ಬೆಳೆಯಬೇಕಾದರೆ ತನ್ನ ಕಡೆಗೆ ಹೊಸ ರಕ್ತನಾಳ ಎಳೆದುಕೊಳ್ಳಬೇಕಂತೆ. ಅದನ್ನು ತಡೆಯುವ ವಸ್ತುಗಳನ್ನು ಮೈಯೇ ತಯಾರಿಸುತ್ತದಂತೆ. ಸೈಟು ಮಾರಿ ಬದುಕಿದವನಿಗೆ ಇದು ತಿಳಿಯದೇ? ನೀರಿನ ಪೈಪು ಬಾರದ ಲೇಔಟಿನಲ್ಲಿ ಕಲ್ಲು ನೆಟ್ಟಿದ್ದಷ್ಟೇ ಬಂತು, ಮನೆ ಏಳುವುದಿಲ್ಲ. ಆದರೆ ಪೈಪು ತಡೆಯುವವನು ಮೈಯೊಳಗೇ ಕೂತಿದ್ದಾನೆ, ಅದೂ ಲಂಚ ಕೇಳದೆ! ಎಷ್ಟೋ ಜನ ಎಳ್ಳುಕಾಳಿನಂಥ ಗಂಟು ಹೊತ್ತು, ಗೊತ್ತೇ ಆಗದೆ ಬಾಳಿ ಹೋಗುತ್ತಾರಂತೆ.

"ಅಂಗಾರೆ ನಿಮ್ಮೊಳಗೂ ಇರ್ಬೋದಾ ಸಾ?" ಎಂದು ಇವಳು ಕೇಳಿಯೇಬಿಟ್ಟಳು.

"ಇರಬಹುದಮ್ಮಾ," ಡಾಕ್ಟರು ನಕ್ಕರು. "ಆದರೆ ಆ ತಡೆ ಯಾವಾಗಲೂ ಗೆಲ್ಲಲ್ಲ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ತಪ್ಪಿಸಬಾರದು."

"ಬತ್ತೀನಿ. ಈಗ ಕುಯ್ಯೋದು ಬ್ಯಾಡ."

ಬರುವಾಗ ಎರಡು ತಟ್ಟೆ ಇಡ್ಲಿ ತಿಂದಳು. ನನ್ನದು ಹಾಗೇ ಇತ್ತು.

"ಗಂಟು ನಂದು, ನುಂಗಕ್ಕಾಗ್ದೇ ಇರೋದು ನಿಮ್ಗಾ?"

ಮಾತೇ ಬಂಡವಾಳವಾದ ನಾನು ನನ್ನ ತಟ್ಟೆಯನ್ನೂ ಅವಳ ಕಡೆಗೇ ಸರಿಸಿದೆ.

ಈಗ ಮಲಗಿದ್ದಾಳೆ. ಆ ಕುತ್ತಿಗೆಯನ್ನೇ ನೋಡುತ್ತಿದ್ದೇನೆ. ಒಳಗೆ ಪೈಪು ತಡೆಯುವ ಆ ಕಾವಲಿನವನಿಗೆ ನಿದ್ದೆ ಹತ್ತದಿರಲಿ. ನನಗಂತೂ ಹತ್ತುತ್ತಿಲ್ಲ.